ವಿಷಯಕ್ಕೆ ಸಂಬಂಧವಿಲ್ಲದ ಒಂದು ಪತ್ರ

ಮಾನ್ಯ ಗ್ರೂಪ್ ಅಡ್ಮಿನ್ ಮಹಾಶಯರಿಗೆ,

ತಮ್ಮ ಯಕ್ಷಗಾನ ಅಭಿಮಾನಿ ಬಳಗದ ಸದಸ್ಯನೊಬ್ಬ ಮಂಗಳೂರಿನ ಹಂಪನಕಟ್ಟೆಯಿಂದ ಮಾಡುವ ನಮಸ್ಕಾರಗಳು. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ನಮಸ್ಕಾರವೂ ಈಗ ನಿಷಿದ್ಧ ಎಂದು ಗೊತ್ತುಂಟು. ಬಹಿರಂಗ ಪತ್ರದಲ್ಲಿ ಮಾಡಿದ್ದನ್ನು ಡಿಲೀಟ್ ಮಾಡಲಿಕ್ಕೆ ಬರುವುದಿಲ್ಲವಲ್ಲ, ಆ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ತಾವು ಹೊರಡಿಸಿದ ಹೊಸ ನಿಯಮ ಓದಿ ಕೃತಾರ್ಥನಾದೆ. ಯಕ್ಷಗಾನಕ್ಕೆ ಸಂಬಂಧಪಟ್ಟದ್ದು ಮಾತ್ರ ಹಾಕಬೇಕು, ಗುಡ್ ಮಾರ್ನಿಂಗ್, ಊಟ ಆಯ್ತಾ, ಮಳೆ ಬಂತಾ ಮುಂತಾದ ಅನಗತ್ಯ ಮಾತಿಗೆ ಅವಕಾಶವಿಲ್ಲ, ತಪ್ಪಿದರೆ ರಿಮೂವ್. ಅದೇ ರಾತ್ರಿ ಕುವೈತಿನಲ್ಲಿರುವ ಗೆಳೆಯರೊಬ್ಬರು ಡ್ಯೂಟಿ ಮುಗಿಸಿ ರೂಮಿಗೆ ಬಂದವರು ಅಭ್ಯಾಸಬಲದಿಂದ ‘ಹಂಪನಕಟ್ಟೆಯಲ್ಲಿ ಮಳೆ ಉಂಟಾ ಮಾರಾಯ್ರೆ?’ ಎಂದು ಕೇಳಿಬಿಟ್ಟರು. ‘ಸಿಗ್ನಲ್ ಹತ್ತಿರ ಪಾದ ಮುಳುಗುವಷ್ಟು ನೀರು, ಸಿಟಿ ಬಸ್ಸೆಲ್ಲ ಸಾಲಾಗಿ ನಿಂತಿವೆ’ ಎಂದು ನಾನು ಟೈಪ್ ಮಾಡುವಷ್ಟರಲ್ಲಿ ಪ್ರಶ್ನೆಯೇ ಮಾಯ. ಅಡ್ಮಿನ್ ಅಳಿಸಿದ್ದಾರೆ ಎಂಬ ಬೂದುಬಣ್ಣದ ಸಾಲು ಮಾತ್ರ ಉಳಿದಿತ್ತು. ಆಟದಲ್ಲಿ ಮಹಿಷಾಸುರನನ್ನು ಕೊಲ್ಲಲು ದೇವಿಗೂ ಗಂಟೆಗಟ್ಟಲೆ ಸಮಯ ಬೇಕಾಗುತ್ತದೆ. ತಮಗೆ ಅರ್ಧ ನಿಮಿಷ ಸಾಕಾಯಿತು.

ಈ ನಿಯಮವನ್ನು ಗ್ರೂಪಿಗಷ್ಟೇ ಸೀಮಿತಗೊಳಿಸಿದ್ದು ಮಾತ್ರ ನನಗೆ ಸರಿಕಾಣಲಿಲ್ಲ. ಯಕ್ಷಗಾನದಲ್ಲೇ ಅನಗತ್ಯ ಮಾತು ಎಷ್ಟುಂಟು, ತಾವು ಗಮನಿಸಿದ್ದೀರೋ? ಪ್ರಸಂಗದ ಪುಸ್ತಕ ತೆರೆದರೆ ಇರುವುದು ಪದ್ಯಗಳು. ಭಾಗವತರು ಒಂದು ಪದ್ಯ ಹೇಳಿದ ಮೇಲೆ ವೇಷಧಾರಿ ಕಾಲು ಗಂಟೆ ಆಡುವ ಮಾತು ಪುಸ್ತಕದಲ್ಲಿ ಇಲ್ಲವೇ ಇಲ್ಲ. ಎಲ್ಲ ಅಲ್ಲಲ್ಲೇ ಹುಟ್ಟಿದ್ದು. ರಂಗಕ್ಕೆ ಬಂದ ಅರಸನಾದರೂ ನೇರ ಯುದ್ಧಕ್ಕೆ ಹೋಗುತ್ತಾನೆಯೇ? ‘ಬಲ್ಲಿರೇನಯ್ಯಾ’ ಎಂದು ಭಾಗವತರನ್ನು ಮಾತಿಗೆಳೆಯುತ್ತಾನೆ. ಭಾಗವತರೋ, ಇದು ಯಾವ ಊರು, ಇಲ್ಲಿನ ಅರಸು ಯಾರು ಎಂದು ಏನೂ ಗೊತ್ತಿಲ್ಲದವರಂತೆ ವಿಚಾರಿಸುತ್ತಾರೆ. ಎದುರಿಗೆ ಕೂತ ಮಕ್ಕಳಿಗೂ ಉತ್ತರ ಗೊತ್ತು. ಆದರೂ ಈ ಕುಶಲೋಪರಿ ಆಗದೆ ಕಥೆ ಮುಂದೆ ಹೋಗುವುದಿಲ್ಲ.

ತಾಳಮದ್ದಳೆಯದ್ದಂತೂ ಹೇಳುವುದೇ ಬೇಡ. ಅಲ್ಲಿ ಬಣ್ಣವಿಲ್ಲ, ಕಿರೀಟವಿಲ್ಲ, ದಿಗಿಣದ ಕುಣಿತವಿಲ್ಲ. ಶಾಲು ಹೊದ್ದು ಕೂತವರ ಮಾತೇ ಎಲ್ಲ. ವಾಲಿಗೆ ಬಾಣ ತಾಗಿತು ಎಂದರೆ ತಮ್ಮ ಲೆಕ್ಕದಲ್ಲಿ ವಿಷಯ ಮುಗಿಯಿತು. ಆದರೆ ನಮ್ಮವರು ರಾತ್ರಿಯಿಡೀ ಕೂತು ಕೇಳಿದ್ದು ಬಾಣ ತಾಗಿದ ಮೇಲಿನ ಮಾತನ್ನು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಬಿದ್ದಲ್ಲಿಂದಲೇ ರಾಮನನ್ನು ಪ್ರಶ್ನಿಸುವುದನ್ನು ಕೇಳಲು ಜನ ಊರಿಂದ ಊರಿಗೆ ಹೋಗುತ್ತಿದ್ದರು. ಭಟ್ಟರು 2006ರಲ್ಲಿ ತೀರಿಕೊಂಡರು. ಗುಂಪಿನ ಸೆಟ್ಟಿಂಗಿನಲ್ಲಿ ಅಡ್ಮಿನ್ ಮಾತ್ರ ಮಾತಾಡಬಹುದು ಎಂಬ ಸೌಲಭ್ಯವನ್ನು ವಾಟ್ಸಾಪ್ ತಂದದ್ದು 2018ರಲ್ಲಿ. ವಾಲಿ ಬಚಾವಾದ.

ಇನ್ನು ನಮ್ಮ ಹರಟೆ ಗ್ರೂಪಿಗೆ ಬಂದದ್ದು ಹೇಗೆ ಎಂಬುದನ್ನೂ ಅರಿಕೆ ಮಾಡಿಕೊಳ್ಳಬೇಕು. ಡೇರೆ ಮೇಳಗಳ ಕಾಲದಲ್ಲಿ ನಮ್ಮವರು ಆಟ ನೋಡಲು ಹಂಪನಕಟ್ಟೆಯಿಂದ ನೆಹರು ಮೈದಾನಕ್ಕೆ ನಡೆದೇ ಹೋಗುತ್ತಿದ್ದರು. ಸುರತ್ಕಲ್ ಮೇಳ, ಕರ್ನಾಟಕ ಮೇಳ ಎಂದು ಎರಡು ಪಕ್ಷ. ದಾರಿಯಲ್ಲೇ ಜಗಳ ಶುರು. ಬಯಲಾಟವಾದರೆ ಇನ್ನೂ ಸುಖ. ದೇವೇಂದ್ರನ ಒಡ್ಡೋಲಗ ಬರುವಾಗ ಎದ್ದು ಹೋಗಿ, ಗ್ಯಾಸ್‌ಲೈಟಿನ ಕೆಳಗೆ ಚರುಮುರಿ ತಿಂದು, ಚಾ ಕುಡಿದು, ಯಾರ ಮಗಳಿಗೆ ಎಲ್ಲಿ ಸಂಬಂಧ ಕೂಡಿತು, ಯಾರ ತೋಟಕ್ಕೆ ಕೊಳೆರೋಗ ಬಂತು ಎಂದು ತಿಳಿದುಕೊಂಡು, ಸಭೆಯ ಹಿಂದಿನಿಂದ ದೊಂದಿ ಹೊತ್ತಿಸಿಕೊಂಡು ಮಹಿಷಾಸುರ ಬರುವ ಹೊತ್ತಿಗೆ ಸರಿಯಾಗಿ ವಾಪಸು ಕೂರುತ್ತಿದ್ದರು. ಆಟಕ್ಕೆ ಹೋಗಿ ಬಂದೆ ಎಂದರೆ ಇವೆಲ್ಲವೂ ಸೇರಿಯೇ.

ಆಮೇಲೆ ಕಾಲಮಿತಿ ಬಂತು. ಧರ್ಮಸ್ಥಳ ಮೇಳದಂಥ ದೊಡ್ಡ ಮೇಳವೂ ರಾತ್ರಿಯಿಡೀ ಆಡುವುದನ್ನು ಬಿಟ್ಟು ನಡುರಾತ್ರಿಗೆ ಮಂಗಳ ಹಾಡತೊಡಗಿತು. ಬೆಳಿಗ್ಗೆ ಆಫೀಸಿಗೆ ಹೋಗುವವರಿಗೆ ಅನುಕೂಲವಾಯಿತು, ನಾನು ದೂರುವುದಿಲ್ಲ. ಆದರೆ ಆಟ ಕುಗ್ಗಿದ್ದರಿಂದ ಎದ್ದುಹೋಗಿ ಚಾ ಕುಡಿಯುವ ಹೊತ್ತೇ ಇಲ್ಲವಾಯಿತು. ಇರುವ ನಾಲ್ಕೈದು ಗಂಟೆಯಲ್ಲಿ ಕಥೆ ನೋಡುವುದೋ, ಕೊಳೆರೋಗ ವಿಚಾರಿಸುವುದೋ? ಹಾಗೆ ಮೈದಾನದಲ್ಲಿ ನೆಲೆ ಕಳೆದುಕೊಂಡ ಮಾತುಗಳು ತಮ್ಮ ಗ್ರೂಪಿಗೆ ಬಂದು ಸೇರಿದವು. ಈಗ ತಾವು ಅಲ್ಲಿಯೂ ಕಾಲಮಿತಿ ತಂದಿದ್ದೀರಿ, ಸೊನ್ನೆ ನಿಮಿಷದ್ದು.

ತಮ್ಮ ಆದೇಶದ ಸಮಯವೂ ಬಹಳ ಯೋಗ್ಯವಾದದ್ದು. ಪತ್ತನಾಜೆ ಕಳೆದಿದೆ. ತುಳುವಿನ ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ ಕೊನೆಯ ವಾರದ ಹೊತ್ತಿಗೆ ಮೇಳಗಳು ಗೆಜ್ಜೆ ಬಿಚ್ಚಿದವು. ಇನ್ನು ತಿರುಗಾಟ ದೀಪಾವಳಿ ಕಳೆದ ಮೇಲೆಯೇ. ಕಟೀಲಿನ ಮೇಳಗಳೇ ಆರಕ್ಕೆ ಕಡಿಮೆ ಇಲ್ಲ, ಈಗ ಎಲ್ಲವೂ ವಿಶ್ರಾಂತಿಯಲ್ಲಿ. ಪುರಭವನದಲ್ಲಿ ಆಗೊಮ್ಮೆ ಈಗೊಮ್ಮೆ ಮಳೆಗಾಲದ ಆಟವೋ ತಾಳಮದ್ದಳೆಯೋ ಆದರೆ ಉಂಟು, ಇಲ್ಲದಿದ್ದರೆ ಇಲ್ಲ. ‘ಇಂದಿನ ಆಟ ಎಲ್ಲೆಲ್ಲಿ’ ಎಂಬ ಪಟ್ಟಿಯೂ ನಿಂತಿರುವುದರಿಂದ ಸಂಬಂಧಪಟ್ಟ ವಿಷಯವೆಂಬುದೇ ಈಗಿಲ್ಲ. ತಮ್ಮ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದರೆ ನವೆಂಬರಿನವರೆಗೆ ಗ್ರೂಪ್ ಪರಮಶಾಂತಿಯಲ್ಲಿರುತ್ತದೆ. ಯಕ್ಷಗಾನದ ತೆಂಕುತಿಟ್ಟಿನವರು ಐದು ತಿಂಗಳು ಬಾಯಿ ಮುಚ್ಚಿ ಕೂತರು ಎಂದರೆ ಅದು ಸಣ್ಣ ಸಾಧನೆ ಅಲ್ಲ.

ಒಂದು ಅಪಾಯ ಮಾತ್ರ ಕಾಣುತ್ತದೆ. ಶಾಂತಿ ಹೆಚ್ಚಾದಲ್ಲಿ ಜನ ಉಳಿಯುವುದಿಲ್ಲ. ಹೇಳದೆ ಕೇಳದೆ ಎದ್ದು ಹೋಗುತ್ತಾರೆ. ಈ ಹಂಪನಕಟ್ಟೆಯನ್ನೇ ನೋಡಿ. ಅಪ್ಪಣ್ಣ ಎಂಬ ಪುಣ್ಯಾತ್ಮ ದಾರಿಹೋಕರಿಗೆ ನೀರು ಕೊಡುತ್ತಿದ್ದ ಕಟ್ಟೆ ಇಲ್ಲಿತ್ತಂತೆ, ಅದರಿಂದಲೇ ಊರಿಗೆ ಹೆಸರು ಬಂತಂತೆ. ಸ್ಮಾರ್ಟ್ ಸಿಟಿ ಕೆಲಸಕ್ಕೆ ರಸ್ತೆ ಅಗೆದಾಗ ಹಳೆಯ ಬಾವಿಯೊಂದು ಸಿಕ್ಕಿತು. ಆ ಅಪ್ಪಣ್ಣ, ನೀರಿಗೆ ಸಂಬಂಧಪಟ್ಟ ಮಾತು ಮಾತ್ರ ಆಡತಕ್ಕದ್ದು ಎಂದು ಬೋರ್ಡು ಹಾಕಿದ್ದರೆ ದಾರಿಹೋಕರು ಬಾಯಾರಿಕೊಂಡೇ ಬಂದರಿಗೆ ಇಳಿಯುತ್ತಿದ್ದರು.

ಆದ್ದರಿಂದ ಒಂದು ವಿನಂತಿ. ನಿಯಮ ಹಿಂತೆಗೆಯಿರಿ ಎನ್ನುವುದಿಲ್ಲ, ತಮ್ಮ ಮರ್ಯಾದೆಯ ಪ್ರಶ್ನೆ. ದಿನಾ ಸಂಜೆ ಏಳರಿಂದ ಎಂಟರವರೆಗೆ ಗ್ರೂಪನ್ನು ಬಿಟ್ಟುಕೊಡಿ, ಅದಕ್ಕೆ ‘ಪೂರ್ವರಂಗ’ ಎಂದು ಹೆಸರಿಡಿ. ಪ್ರಸಂಗಕ್ಕೆ ಪೂರ್ವರಂಗದಿಂದ ಒಂದಿಷ್ಟೂ ಪ್ರಯೋಜನವಿಲ್ಲ. ಆದರೂ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಬಂದು ಕುಣಿದು ಹೋಗದೆ ಕಥೆ ಶುರುವಾಗಬಾರದು ಎಂಬುದು ನಮ್ಮ ಹಿರಿಯರು ಮಾಡಿಟ್ಟ ಕ್ರಮ. ಶಾಸ್ತ್ರಬದ್ಧವಾದ ಹೆಸರು ಬಿದ್ದರೆ ಗುಡ್ ಮಾರ್ನಿಂಗನ್ನೂ ಸಂಜೆ ಏಳಕ್ಕೆ ಧೈರ್ಯದಿಂದ ಹಾಕಬಹುದು, ಯಾರೂ ಆಕ್ಷೇಪಿಸುವಂತಿಲ್ಲ. ಕೋಡಂಗಿಗಳನ್ನು ಹುಡುಕುವ ತೊಂದರೆಯೂ ತಮಗಿಲ್ಲ. ನಾನು ಗೆಜ್ಜೆ ಕಟ್ಟಿಯೇ ಕೂತಿದ್ದೇನೆ.

ಇಂತಿ,
ರಿಮೂವ್ ಆಗುವ ನಿರೀಕ್ಷೆಯಲ್ಲಿರುವ
ಸದಸ್ಯ