ಇಣುಕುವ ಉಪಗ್ರಹಗಳಿಗೊಂದು ಬಹಿರಂಗ ಪತ್ರ

ಮಾನ್ಯ ಉಪಗ್ರಹಗಳೇ,

ಕಂಡವರ ಅಂಗಳದಲ್ಲಿ ಇಣುಕುವುದು ಮರ್ಯಾದಸ್ಥರ ಲಕ್ಷಣವಲ್ಲ. ಹೊಗೆ ಬಿಡುವವರೇ ಹೊಗೆ ಅಳೆದು, ಲೆಕ್ಕ ಬರೆದು, ಕೆಳಗೆ ರುಜು ಹಾಕುವ ಪದ್ಧತಿ ಎಷ್ಟು ಸುಸೂತ್ರವಾಗಿ ನಡೆದಿತ್ತು! ತಾನೇ ಬರೆದ ಉತ್ತರ ಪತ್ರಿಕೆಗೆ ತಾನೇ ಅಂಕ ಹಾಕಿಕೊಂಡರೆ ಫೇಲಾಗುವ ಪ್ರಶ್ನೆಯೇ ಇಲ್ಲ. ಆ ನೆಮ್ಮದಿಗೆ ತಾವು ಕಲ್ಲು ಹಾಕಿದಿರಿ.

ಕಜಕಸ್ತಾನದ ಮಂಗಿಸ್ತೌ ಪ್ರಾಂತ್ಯದಲ್ಲಿ ಮಾಡಿದ್ದನ್ನೇ ನೋಡಿ. 2023ರ ಜೂನ್ 9ರಂದು ಅಲ್ಲಿನ ತೈಲ-ಅನಿಲ ಬಾವಿಯೊಂದು ಸ್ಫೋಟಿಸಿ ಹೊತ್ತಿಕೊಂಡಿತು. ಕೊರೆತದ ಕೆಸರು ತುರುಕಿ ಅದರ ಬಾಯಿ ಮುಚ್ಚುವಷ್ಟರಲ್ಲಿ ಡಿಸೆಂಬರ್ 25 ಆಗಿತ್ತು. ಬಾವಿಯ ಒಡೆಯರು ಸಮಾಧಾನವಾಗಿಯೇ ವಿವರಣೆ ಕೊಟ್ಟರು: ಅನಿಲ ಇದ್ದದ್ದೇ ಅಲ್ಪ, ಮೀಥೇನ್ ಇದ್ದರೂ ಉರಿದುಹೋಗಿರುತ್ತದೆ, ಹೊರಬಂದದ್ದು ಬರೀ ನೀರಾವಿ. ಮೀಥೇನ್ ಬರಿಗಣ್ಣಿಗೆ ಕಾಣದ್ದರಿಂದ ಈ ಮಾತಿಗೆ ಎದುರಾಡುವವರೂ ಇರಬಾರದಿತ್ತು.

ತಾವು ಸುಮ್ಮನಿರಲಿಲ್ಲ. ನೆಲಕ್ಕೆ ಬಡಿದು ಮೇಲೇರುವ ಬಿಸಿಲಿನಲ್ಲಿ ಅವಗೆಂಪಿನ ಯಾವ ಪಾಲನ್ನು ಮೀಥೇನ್ ನುಂಗಿದೆ ಎಂದು ಅಳೆದು, 115 ಸಲ ಅನಿಲದ ಮೋಡವನ್ನು ಹಿಡಿದುಕೊಟ್ಟಿರಿ. ವಿಜ್ಞಾನಿಗಳ ಅಂದಾಜು 1,27,000 ಟನ್‌ಗೆ ಬಂದು ನಿಂತಿತು. ಪಾಪ, ನೀರಾವಿ!

ತಮ್ಮ ಜೊತೆಗಾರ ಕೃತಕ ಬುದ್ಧಿಮತ್ತೆಯದು ಇನ್ನೂ ಅಧಿಕಪ್ರಸಂಗ. ಅಮೆರಿಕದ ಮಾಜಿ ಉಪಾಧ್ಯಕ್ಷ ಅಲ್ ಗೋರ್ ಬೆನ್ನಿಗೆ ನಿಂತಿರುವ ಕ್ಲೈಮೇಟ್ ಟ್ರೇಸ್ ಒಕ್ಕೂಟ ಅದಕ್ಕೆ ವಿದ್ಯುತ್ ಸ್ಥಾವರಗಳ ಚಿತ್ರ ಓದುವುದನ್ನು ಕಲಿಸಿದೆ. ಕೂಲಿಂಗ್ ಟವರ್ ಮೇಲೆ ಬಿಳಿ ಆವಿ ಎದ್ದಿದೆಯೇ ಎಂದು ನೋಡಿಯೇ ಸ್ಥಾವರ ಎಷ್ಟು ಓಡುತ್ತಿದೆ ಎಂದು ಅದು ಲೆಕ್ಕ ಹಾಕುತ್ತದೆ. ಮಾಲೀಕರನ್ನು ಒಂದು ಮಾತೂ ಕೇಳುವುದಿಲ್ಲ. 2022ರ ಈಜಿಪ್ಟ್ ಹವಾಮಾನ ಸಮ್ಮೇಳನದ ಹೊತ್ತಿಗೆ ಹೊಗೆ ಬಿಡುವ 70,000ಕ್ಕೂ ಹೆಚ್ಚು ತಾಣಗಳ ಪಟ್ಟಿಯನ್ನು ಒಕ್ಕೂಟ ಊರಿಗೆಲ್ಲ ಹಂಚಿತು. ಎಂಥ ಚಾಡಿಕೋರತನ!

ತಮ್ಮ ಬಳಗದ ಮೀಥೇನ್‌ಸ್ಯಾಟ್ 2025ರ ಜೂನ್‌ನಲ್ಲಿ, ಹಾರಿ ಒಂದೂಕಾಲು ವರ್ಷಕ್ಕೇ, ಸಂಪರ್ಕ ಕಡಿದುಕೊಂಡಿತು. ಚಿಮ್ನಿಗಳ ಪರವಾಗಿ ಸಂತಾಪಗಳು.

ಉಳಿದ ತಾವು ಇನ್ನೂ ಇಣುಕುತ್ತಿದ್ದೀರೆಂದು ಹೊಗೆ ಬಿಡುವವರು ಗಾಬರಿಯಾಗಬೇಕಿಲ್ಲ. ಮೀಥೇನ್ 20 ವರ್ಷಗಳಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ 80 ಪಟ್ಟು ಹೆಚ್ಚು ಬಿಸಿ ಹಿಡಿದಿಡುತ್ತದೆ. ಅವಸರ ಅದಕ್ಕಿದೆ, ಕಚೇರಿಗಳಿಗಿಲ್ಲ. ತಾವು ಕಂಡ ಸೋರಿಕೆಗಳ ಬಗ್ಗೆ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಸರ್ಕಾರಗಳಿಗೂ ಕಂಪನಿಗಳಿಗೂ 1,200ಕ್ಕೂ ಹೆಚ್ಚು ಎಚ್ಚರಿಕೆ ಕಳಿಸಿತ್ತು. 2024ರ ಅದರ ವರದಿಯಂತೆ ಸ್ಪಂದನೆ ಸಿಕ್ಕಿದ್ದು ನೂರರಲ್ಲಿ ಒಂದಕ್ಕೆ. ಮರುವರ್ಷ ಅದು 12ಕ್ಕೇರಿತು. ನೂರರಲ್ಲಿ ಉಳಿದ 88 ಸೋರಿಕೆಗಳನ್ನು ತಾವು ನೋಡಿದ್ದೀರಿ, ಒಡೆಯರಿಗೂ ತಿಳಿಸಲಾಗಿದೆ, ಕಡತದಲ್ಲೂ ದಾಖಲಾಗಿದೆ. ನಲ್ಲಿ ತಿರುಗಿಸುವ ಕೈ ಮಾತ್ರ ತಮಗಿಲ್ಲ.

ಇತಿ,
ಚಿಮ್ನಿಗಳ ಹಿತೈಷಿ