ಹಾರ್ಮೋನು ಬಲ್ಲ ಪತಿರಾಯರು

ಕನ್ನಡ ಮಧ್ಯಮವರ್ಗದ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಕಾಣಿಸಿಕೊಂಡಿರುವ ಗಂಡಸರ ಬಗೆಗಳ ಪೈಕಿ ಅತ್ಯಂತ ಸದುದ್ದೇಶದ್ದೂ, ಬಹುಶಃ ಆ ಕಾರಣಕ್ಕಾಗಿಯೇ ಸಹಿಸಲು ಅತ್ಯಂತ ಕಷ್ಟವಾದದ್ದೂ ಯಾವುದೆಂದರೆ, ಹೆಂಡತಿಯ ಹಾರ್ಮೋನುಗಳ ವಿಷಯವನ್ನು ಓದಿ ತಿಳಿದುಕೊಂಡಿರುವ ಗಂಡಂದಿರ ಬಗೆ. ಹಿಂದಿನ ತಲೆಮಾರಿನ ಗಂಡಸಿಗೆ ಈ ವಿಷಯ ಏನೇನೂ ತಿಳಿದಿರಲಿಲ್ಲವಾದ್ದರಿಂದ, ನಲವತ್ತೈದು ದಾಟಿದ ಹೆಂಡತಿಯ ಧ್ವನಿ ಒಂದು ಮಟ್ಟಕ್ಕಿಂತ ಮೇಲೇರಿದ ಕೂಡಲೇ ಆತ ಅಂಗಿ ತೊಟ್ಟು, ಚಪ್ಪಲಿ ಮೆಟ್ಟಿ, ಪರಿಚಯದವರ ಅಂಗಡಿಯ ಜಗಲಿಯ ಮೇಲೆ ಕುಳಿತುಕೊಳ್ಳಲು ಹೊರಟುಬಿಡುತ್ತಿದ್ದ. ಅದು ಅಜ್ಞಾನವೇ ಆಗಿದ್ದರೂ ಹೆಂಗಸಿಗೆ ಗಂಟೆಯಷ್ಟಾದರೂ ಏಕಾಂತವನ್ನು ಒದಗಿಸುವ ಅಜ್ಞಾನವಾಗಿತ್ತು. ಇಂದಿನ ಗಂಡಸು ಎಲ್ಲಿಗೂ ಹೋಗುವುದಿಲ್ಲ. ಪಕ್ಕದಲ್ಲಿಯೇ ಕುಳಿತು ಅರ್ಥಮಾಡಿಕೊಳ್ಳುತ್ತಾನೆ.

ಆತ ಅರ್ಥಮಾಡಿಕೊಳ್ಳಲು ಹೊರಟಿರುವ ಸಂಗತಿಯನ್ನು ಮೊದಲು ವಿವರಿಸುವುದು ಸೂಕ್ತ. ಪೆರಿಮೆನೋಪಾಸ್ ಎಂದರೆ ಮುಟ್ಟು ಪೂರ್ತಿಯಾಗಿ ನಿಲ್ಲುವುದಕ್ಕೆ ಮುಂಚಿನ ಅವಧಿ. ಸಾಮಾನ್ಯವಾಗಿ ನಲವತ್ತರ ಪ್ರಾಯದಲ್ಲಿ ಆರಂಭವಾಗುವ ಇದು ಕೆಲವರಲ್ಲಿ ಎರಡು-ಮೂರು ವರ್ಷಗಳಲ್ಲಿ ಮುಗಿದರೆ, ಕೆಲವರಲ್ಲಿ ಎಂಟು ವರ್ಷಕ್ಕೂ ಮಿಕ್ಕಿ ಎಳೆಯುತ್ತದೆ. ಅಂಡಾಶಯದಲ್ಲಿ ಅಂಡಗಳ ದಾಸ್ತಾನು ಕರಗುತ್ತ ಬಂದಂತೆ ಈಸ್ಟ್ರೋಜನ್ ಎಂಬ ಹಾರ್ಮೋನು ಒಂದೇ ಸಮನೆ ಇಳಿಯುತ್ತದೆಂದು ಜನ ತಿಳಿದಿದ್ದಾರಾದರೂ, ವಾಸ್ತವದಲ್ಲಿ ಅದು ಈ ವಾರ ಹರೆಯದ ಕಾಲಕ್ಕಿಂತಲೂ ಮೇಲೇರಿ ಮುಂದಿನ ವಾರ ತಳ ಕಂಡು ಲಂಗುಲಗಾಮಿಲ್ಲದೆ ಏರಿಳಿಯುತ್ತದೆ. ಅಂಡ ಬಿಡುಗಡೆಯಾಗದ ತಿಂಗಳುಗಳಲ್ಲಿ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ತೀರ ಕಡಿಮೆಯಾಗುತ್ತದೆ. ಅದು ದೇಹದಲ್ಲಿ ರೂಪಾಂತರಗೊಂಡಾಗ ಹುಟ್ಟುವ ಅಲೋಪ್ರೆಗ್ನನೊಲೋನ್ ಎಂಬ ವಸ್ತುವಿಗೆ ಮಿದುಳನ್ನು ಶಾಂತಗೊಳಿಸುವ ಗುಣವಿರುವುದರಿಂದ, ಅದರ ಏರುಪೇರು ನಿದ್ರೆಯನ್ನೂ ಮನಸ್ಸಿನ ಹದವನ್ನೂ ಕೆಡಿಸುತ್ತದೆ. ಇದರ ಜೊತೆಗೆ ಮಿದುಳಿನ ಹೈಪೊಥಲಾಮಸ್ ಭಾಗದಲ್ಲಿರುವ ಉಷ್ಣ ನಿಯಂತ್ರಣ ವ್ಯವಸ್ಥೆಯು ಅತಿಸೂಕ್ಷ್ಮವಾಗಿ, ಚಳಿಗಾಲದ ನಡುರಾತ್ರಿಯಲ್ಲೂ ಎದೆಯಿಂದ ಮುಖದವರೆಗೆ ಝಳ ಏರಿ, ಬೆವರು ಕಿತ್ತುಕೊಂಡು ಬರುತ್ತದೆ. ಪಾಶ್ಚಾತ್ಯ ದೇಶಗಳ ಹೆಂಗಸರಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ಸುಮಾರು 51 ಆಗಿದ್ದರೆ, ಭಾರತದಲ್ಲಿ ಅದು 46-47ರ ಸುಮಾರಿನಲ್ಲಿಯೇ ಬರುತ್ತದೆ. ಸುಶ್ರುತ ಸಂಹಿತೆಯು ಈ ವಯಸ್ಸನ್ನು ಐವತ್ತೆಂದು ಹೇಳಿರುವುದನ್ನು ಎಲ್ಲಿಂದಲೋ ಕಂಡುಹಿಡಿದು, ಹೆಂಡತಿಗೆ ಇನ್ನೂ ನಾಲ್ಕು ವರ್ಷ ಬಾಕಿಯಿದೆಯೆಂದು ವಾದಿಸಿದ ಗಂಡನೊಬ್ಬನ ಉದಾಹರಣೆ ಲಭ್ಯವಿದೆ. ಆತನ ವಿಷಯ ಮುಂದೆ ಬರುತ್ತದೆ.

ಈ ವರ್ಗದ ಸಾಮಾನ್ಯ ಲಕ್ಷಣಗಳು ಹಲವು. ಮಾತಿನಲ್ಲಿ ಉತ್ತಮಪುರುಷ ಬಹುವಚನವನ್ನು ಬಳಸುವುದು ಒಂದು: ಮನೆಗೆ ಬಂದವರೆದುರು ಪತಿರಾಯರು ಗಂಭೀರವಾಗಿ, “ನಮಗೀಗ ಪೆರಿಮೆನೋಪಾಸ್ ನಡೀತಾ ಇದೆ” ಎಂದು ಘೋಷಿಸಿದಾಗ, ತಿಂಡಿಯ ತಟ್ಟೆ ಹಿಡಿದು ಬಂದ ಹೆಂಡತಿಗೆ ಆ ತಟ್ಟೆಯನ್ನು ಎಲ್ಲಿಡಬೇಕೆಂದು ತೋಚುವುದಿಲ್ಲ. ಅಗಸೆ ಬೀಜವನ್ನು ಕಿಲೋಗಟ್ಟಲೆ ಕೊಂಡು ತರುವುದು, ಮಜ್ಜಿಗೆಯಿಂದ ಹಿಡಿದು ದೋಸೆ ಹಿಟ್ಟಿನವರೆಗೆ ಎಲ್ಲದಕ್ಕೂ ಅದನ್ನು ಬೆರೆಸುವಂತೆ ಸೂಚಿಸುವುದು, ತಾನು ಮಾತ್ರ ಅದನ್ನು ಮುಟ್ಟದಿರುವುದು ಇನ್ನೊಂದು. ದೀರ್ಘವಾಗಿ ಉಸಿರೆಳೆದುಕೊಳ್ಳುವಂತೆ ಜಗಳದ ಮಧ್ಯದಲ್ಲಿ ಸಲಹೆ ಕೊಡುವುದು ಮತ್ತೂ ಒಂದು; ಇದರಿಂದ ಹೆಂಡತಿ ನಿಜಕ್ಕೂ ದೀರ್ಘವಾಗಿ ಉಸಿರೆಳೆದುಕೊಳ್ಳುತ್ತಾಳೆ, ಆದರೆ ಮುಂದಿನ ವಾಕ್ಯಕ್ಕಾಗಿ. ನ್ಯಾಯವಾಗಿ ನೋಡಿದರೆ ಇದೇ ವ್ಯಕ್ತಿಯು ಡಿಸೆಂಬರಿನ ರಾತ್ರಿಗಳಲ್ಲಿ ಫ್ಯಾನನ್ನು ಐದರಲ್ಲಿ ತಿರುಗಲು ಬಿಟ್ಟು, ಮಂಕಿಕ್ಯಾಪ್ ಹಾಕಿಕೊಂಡು, ಎರಡು ಕಂಬಳಿಗಳೊಳಗೆ ಮುದುರಿಕೊಂಡು ಗೊಣಗದೆ ಮಲಗುತ್ತಾನೆಂಬುದನ್ನೂ ದಾಖಲಿಸಬೇಕಾಗುತ್ತದೆ. ಹಿಂದಿನ ತಲೆಮಾರಿನವನು ಫ್ಯಾನು ಆರಿಸುತ್ತಿದ್ದ.

ಆದರೆ ಇವೆಲ್ಲವನ್ನೂ ಮೀರಿದ, ಈ ವರ್ಗಕ್ಕೇ ವಿಶಿಷ್ಟವಾದ ಪ್ರಧಾನ ಲಕ್ಷಣವೆಂದರೆ ಹೆಂಡತಿಯ ಪ್ರತಿಯೊಂದು ಸಿಟ್ಟನ್ನೂ ಹಾರ್ಮೋನಿನ ಲೆಕ್ಕಕ್ಕೆ ಜಮಾ ಮಾಡುವ ಪ್ರವೃತ್ತಿ. ಇದನ್ನು ವಿವರಿಸಲು ಮೈಸೂರಿನ ಒಂದು ಮನೆಯ ಮಾದರಿಯೇ ಸಾಕು. ಇದನ್ನೇ ಏಕೆ ಆರಿಸಿಕೊಳ್ಳಲಾಯಿತೆಂದು ಕೇಳುವವರಿಗೆ, ಇಷ್ಟು ಹತ್ತಿರದಿಂದ, ಇಷ್ಟು ದೀರ್ಘಕಾಲ, ನಡುವೆ ರಜೆಯ ಸೌಲಭ್ಯವಿಲ್ಲದೆ ಗಮನಿಸಲು ದೊರೆತ ಮಾದರಿ ಇದೊಂದೇ ಎಂದಷ್ಟೇ ಉತ್ತರಿಸಬಹುದು. ಸುಶ್ರುತನನ್ನು ಮುಂದಿಟ್ಟು ವಾದಿಸಿದ ಈ ಗಂಡ ಬ್ಯಾಂಕಿನಲ್ಲಿ ಅಧಿಕಾರಿ. ಹೆಂಡತಿ ಕಾಲೇಜಿನಲ್ಲಿ ಇತಿಹಾಸದ ಅಧ್ಯಾಪಕಿ. ಲೆಕ್ಕ ತಾಳೆ ನೋಡದೆ ಮನೆಗೆ ಹೋಗಬಾರದೆಂಬ ಶಿಸ್ತಿನಲ್ಲಿ ಬೆಳೆದ ಆತ, ಏಕಾದಶಿ ಸಂಕಷ್ಟಿಗಳ ವಿವರವಿರುವ ಗೋಡೆ ಕ್ಯಾಲೆಂಡರಿನಲ್ಲಿ ಹೆಂಡತಿ ಸಿಡುಕಿದ ದಿನಕ್ಕೆ ಕೆಂಪು ಚುಕ್ಕೆಯನ್ನೂ, ಶಾಂತವಾಗಿದ್ದ ದಿನಕ್ಕೆ ಹಸಿರು ಗೀಟನ್ನೂ ಹಾಕತೊಡಗಿದ. ತಿಂಗಳ ಕೊನೆಗೆ ಒಂದು ವಿನ್ಯಾಸ ಗೋಚರಿಸುತ್ತದೆ, ಗೋಚರಿಸಿದ ಮೇಲೆ ಮುಂಜಾಗ್ರತೆ ವಹಿಸಬಹುದು ಎಂಬುದು ಆತನ ಸಿದ್ಧಾಂತವಾಗಿತ್ತು.

ಆ ಕ್ಯಾಲೆಂಡರಿನ ಅತಿ ದೊಡ್ಡ ಚುಕ್ಕೆ ಬಿದ್ದದ್ದು ಒಂದು ಭಾನುವಾರ. ಆತನ ತಂಗಿಯ ಸಂಸಾರ ಊಟಕ್ಕೆ ಬರುವುದಿತ್ತು. ಆ ಸಂಗತಿ ಆತನಿಗೆ ಬುಧವಾರವೇ ತಿಳಿದಿತ್ತು, ಹೆಂಡತಿಗೆ ಭಾನುವಾರ ಬೆಳಗಿನ ಕಾಫಿಯ ಹೊತ್ತಿಗೆ ತಿಳಿಯಿತು. ಹನ್ನೊಂದು ಗಂಟೆಗೆ, ಬೇಳೆ ಅರೆಬೆಂದ ಸ್ಥಿತಿಯಲ್ಲಿರುವಾಗ, ಗ್ಯಾಸ್ ಮುಗಿಯಿತು. ಸಿಲಿಂಡರ್ ಬುಕ್ ಮಾಡುವುದು ಆ ಮನೆಯಲ್ಲಿ ಆತನಿಗೆಂದು ಗೊತ್ತುಮಾಡಿದ್ದ ಏಕೈಕ ಕೆಲಸ. ಹೆಂಡತಿ ಸೌಟು ಹಿಡಿದುಕೊಂಡೇ ಹಜಾರಕ್ಕೆ ಬಂದು, “ರೀ, ಇನ್ನೊಂದು ಸಿಲಿಂಡರೂ ಖಾಲಿಯಾಗಿದೆ ಅಂತ ನಿಮಗೆ ಹೋದ ವಾರಾನೇ ಹೇಳಿರಲಿಲ್ವಾ?” ಎಂದು ಕೇಳಿದಾಗ, ಆತ ಪತ್ರಿಕೆಯನ್ನು ಮಡಿಸಿಟ್ಟು, ಐಸಿಯು ಬಾಗಿಲಲ್ಲಿ ಮಾತನಾಡುವವರ ದನಿಯಲ್ಲಿ, “ಸಮಾಧಾನ ಮಾಡ್ಕೋ. ಇದು ನೀನು ಮಾತಾಡ್ತಿರೋದಲ್ಲ ಕಣೆ, ನಿನ್ನ ಈಸ್ಟ್ರೋಜನ್ನು” ಎಂದ. “ಹಾಗಾದ್ರೆ ಆ ಈಸ್ಟ್ರೋಜನ್ನೇ ಸಿಲಿಂಡರ್ ಬುಕ್ ಮಾಡಲಿ, ನಿಮ್ಮ ತಂಗಿಗೂ ಅದೇ ಬಡಿಸಲಿ” ಎಂದು ಹೇಳಿ ಆಕೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಧ್ಯಾಹ್ನ ಹೋಟೆಲಿನಿಂದ ತರಿಸಿದ ಊಟ ಮಾಡುತ್ತ ನಾದಿನಿಯು, “ಅತ್ತಿಗೆ, ಗರ್ಭಕೋಶ ತೆಗೆಸಿಬಿಟ್ರೆ ಈ ತಾಪತ್ರಯಾನೇ ಇರಲ್ಲ” ಎಂದು ಪಿಸುಗುಟ್ಟಿದಳು. ಈ ಹಾರ್ಮೋನುಗಳು ಹುಟ್ಟುವುದು ಅಂಡಾಶಯದಲ್ಲಿಯೇ ಹೊರತು ಗರ್ಭಕೋಶದಲ್ಲಲ್ಲವಾದ್ದರಿಂದ ಗರ್ಭಕೋಶ ತೆಗೆಸುವುದು ಮನಸ್ಸಿನ ಏರಿಳಿತಕ್ಕೆ ಮದ್ದಲ್ಲ, ಅಂಡಾಶಯವನ್ನೂ ತೆಗೆದರಂತೂ ಋತುಬಂಧವು ಒಮ್ಮೆಲೇ ಬಂದೆರಗಿ ತೊಂದರೆಗಳು ಇನ್ನೂ ತೀವ್ರವಾಗುತ್ತವೆ. ಆದರೂ ಈ ಸಲಹೆ ಕರ್ನಾಟಕದಲ್ಲಿ ಪಲ್ಯ ಬಡಿಸುವಷ್ಟು ಧಾರಾಳವಾಗಿ ಹಂಚಿಕೆಯಾಗುತ್ತಿರುವುದು ನಗುವ ವಿಷಯವಲ್ಲ.

ಕೋಪಕ್ಕೆ ಕಾರಣವಿದ್ದಾಗಲೂ ಅದನ್ನು ರೋಗಲಕ್ಷಣವೆಂದು ಓದುವ ಈ ಅಭ್ಯಾಸ ಕನ್ನಡಿಗರಿಗೆ ಅಪರಿಚಿತವೇನಲ್ಲ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1971ರಲ್ಲಿ ತೆರೆಗೆ ತಂದ ‘ಶರಪಂಜರ’ದಲ್ಲಿ, ಬಾಣಂತಿತನದಲ್ಲಿ ಬುದ್ಧಿಭ್ರಮಣೆಯಾಗಿ, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಮರಳಿದ ಕಾವೇರಿ ನಕ್ಕರೂ ಅತ್ತರೂ, ಏನನ್ನು ಕೇಳಿದರೂ, ಮನೆಯವರಿಗೆ ಅದರಲ್ಲಿ ಕಾಣಿಸುವುದು ಹಳೆಯ ಹುಚ್ಚು ಮಾತ್ರ. ಕಲ್ಪನಾ ಅವರ ಅಭಿನಯವನ್ನು ನೋಡಿ ಕಣ್ಣೀರು ಹಾಕಿದವರ ಮಕ್ಕಳು ಇಂದು ಅದೇ ಕೆಲಸವನ್ನು ವೈಜ್ಞಾನಿಕ ಪರಿಭಾಷೆಯಲ್ಲಿ, ಬಹಳ ಪ್ರೀತಿಯಿಂದ ಮಾಡುತ್ತಿದ್ದಾರೆ. ಒರಟುತನದಿಂದ ಬಾಯಿ ಮುಚ್ಚಿಸುವವನ ಎದುರು ಜಗಳವಾಡಬಹುದು. ಅನುಕಂಪದಿಂದ ಬಾಯಿ ಮುಚ್ಚಿಸುವವನ ಎದುರು ಏನು ಮಾಡುವುದು?

ಮೈಸೂರಿನ ಆ ಕ್ಯಾಲೆಂಡರನ್ನು ಲೆಕ್ಕ ತಪಾಸಣೆಗೆ ಒಳಪಡಿಸಿದವಳು ದೀಪಾವಳಿ ರಜೆಗೆ ಬಂದ ಮಗಳು. ಅವಳು ಪ್ರತಿ ಕೆಂಪು ಚುಕ್ಕೆಯ ಪಕ್ಕದಲ್ಲೂ ಪೆನ್ಸಿಲಿನಲ್ಲಿ ಆ ದಿನದ ಘಟನೆಯನ್ನು ತಾಯಿಯನ್ನು ಕೇಳಿ ಬರೆಯುತ್ತ ಹೋದಳು: ಹಾಸಿಗೆಯ ಮೇಲೆ ಒದ್ದೆ ಟವೆಲ್, ಹೇಳದೆ ಕೇಳದೆ ಬಂದ ಅಪ್ಪನ ಸ್ನೇಹಿತರು, ಕಟ್ಟದೆ ಉಳಿದ ವಿದ್ಯುತ್ ಬಿಲ್ಲು, ಗ್ಯಾಸ್, ಮತ್ತೆ ಗ್ಯಾಸ್. ಘಟನೆಯೇ ಇಲ್ಲದ ಚುಕ್ಕೆಗಳೂ ಉಳಿದವೆಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಚಟ್ನಿಯಲ್ಲಿ ಉಪ್ಪು ಕಡಿಮೆಯಾಯಿತೆಂಬ ನಿರುಪದ್ರವಿ ಮಾತಿಗೆ ಒರಳುಕಲ್ಲನ್ನೇ ಎತ್ತಿ ಹಾಕಬೇಕೆನ್ನಿಸಿದ ದಿನಗಳು ಅವು. ಆದರೆ ತಪಾಸಣೆಯಲ್ಲಿ ಹೊರಬಿದ್ದ ಮುಖ್ಯ ಸಂಗತಿ ಕೆಂಪಿನದಲ್ಲ, ಹಸಿರಿನದು. ಸೆಪ್ಟೆಂಬರ್ ತಿಂಗಳಲ್ಲಿ ಒಂದರ ಹಿಂದೊಂದು ಹಸಿರು ಗೀಟುಗಳು ಬಿದ್ದಿದ್ದವು. ಆತ ಅದನ್ನು ಅಗಸೆ ಬೀಜದ ವಿಜಯವೆಂದು ಪರಿಗಣಿಸಿ ಬ್ಯಾಂಕಿನ ಸಹೋದ್ಯೋಗಿಗಳಿಗೂ ಶಿಫಾರಸು ಮಾಡಿದ್ದ. ಆ ತಿಂಗಳು ಹೆಂಡತಿ ಯಾರ ಮೇಲೂ ರೇಗಿರಲಿಲ್ಲ, ಏಕೆಂದರೆ ರೇಗುವಷ್ಟು ಹುರುಪು ಅವಳಲ್ಲಿ ಇರಲಿಲ್ಲ. ಉತ್ತರ ಪತ್ರಿಕೆಗಳ ಕಟ್ಟು ದಾರ ಬಿಚ್ಚದೆ ಮೇಜಿನ ಮೇಲೆ ಬಿದ್ದಿತ್ತು. ತಲೆಗೆ ಸ್ನಾನ ಮಾಡುವುದು ನಾಳೆಗೆ, ಮತ್ತೆ ನಾಳಿದ್ದಿಗೆ ಮುಂದೂಡಲ್ಪಡುತ್ತಿತ್ತು. ಗೆಳತಿಯರ ಫೋನು ಹೊಡೆದುಕೊಂಡು ಹೊಡೆದುಕೊಂಡು ನಿಲ್ಲುತ್ತಿತ್ತು. ನಡುರಾತ್ರಿ ಮೂರಕ್ಕೆ ಎಚ್ಚರವಾದರೆ ಬೆಳಗಿನವರೆಗೆ ಕಣ್ಣು ಮುಚ್ಚುತ್ತಿರಲಿಲ್ಲ. ಈ ಅವಸ್ಥೆಯಲ್ಲಿರುವ ವಿದ್ವಾಂಸೆಯರು ವಾಕ್ಯಗಳನ್ನು ಹೀಗೆ ಉದ್ದುದ್ದ ಎಳೆಯುವುದಕ್ಕೆ ಪಾಂಡಿತ್ಯ ಕಾರಣವಲ್ಲ, ಪೂರ್ಣವಿರಾಮ ಹಾಕಿಬಿಟ್ಟರೆ ಇನ್ನೊಂದು ವಾಕ್ಯವನ್ನು ಆರಂಭಿಸುವ ಉತ್ಸಾಹ ಮತ್ತೆ ಬಂದೀತೋ ಇಲ್ಲವೋ ಎಂಬ ಭಯ ಕಾರಣವೆಂದು ಶಂಕಿಸಲು ಆಧಾರಗಳಿವೆ.

ಮುಟ್ಟು ನಿಲ್ಲುವ ಮುಂಚಿನ ಈ ವರ್ಷಗಳಲ್ಲಿ ಖಿನ್ನತೆಯ ಲಕ್ಷಣಗಳು ಕಾಣಿಸಿಕೊಳ್ಳುವ ಸಂಭವ ಅದಕ್ಕೂ ಹಿಂದಿನ ವರ್ಷಗಳಿಗಿಂತ ಹೆಚ್ಚೆಂಬುದು, ಅಮೆರಿಕದಲ್ಲಿ ತೊಂಬತ್ತರ ದಶಕದಿಂದ ಹಲವು ಜನಾಂಗಗಳ ಹೆಂಗಸರನ್ನು ವರ್ಷವರ್ಷವೂ ಹಿಂಬಾಲಿಸಿದ ‘ಸ್ವಾನ್’ ಅಧ್ಯಯನವೂ ಸೇರಿದಂತೆ ಹಲವು ಅಧ್ಯಯನಗಳಿಂದ ದೃಢಪಟ್ಟಿದೆ. ಖಿನ್ನತೆ ಗದ್ದಲ ಮಾಡಿಕೊಂಡು ಬರುವುದು ಕಡಿಮೆ. ಅದನ್ನು ಒಳ್ಳೆಯ ಸ್ವಭಾವವೆಂದು ತಿಳಿಯುವುದು ಸುಲಭ, ತಿಳಿಯುವವರಿಗೆ ಲಾಭದಾಯಕವೂ ಹೌದು.

ಮಗಳು ಬರೆದ ಟಿಪ್ಪಣಿಗಳನ್ನು ಆತ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ, ಒಂದೂ ಮಾತನಾಡಲಿಲ್ಲ, ಮರುದಿನವೇ ಅರ್ಧ ದಿನ ರಜೆ ಹಾಕಿ ಹೆಂಡತಿಯನ್ನು ಸ್ತ್ರೀರೋಗ ತಜ್ಞೆಯ ಬಳಿಗೆ ಕರೆದೊಯ್ದ. ಅಲ್ಲಿಯೂ ಆತನ ಸ್ವಭಾವವೇನೂ ಬದಲಾಗಲಿಲ್ಲ. ಹಾರ್ಮೋನ್ ಪರೀಕ್ಷೆಗಳ ಪಟ್ಟಿಯನ್ನು ಆತನೇ ಮುದ್ರಿಸಿ ತಂದಿದ್ದ. ವೈದ್ಯೆಯು ಅದನ್ನು ಪಕ್ಕಕ್ಕಿಟ್ಟು, ದಿನದಿನಕ್ಕೂ ಏರಿಳಿಯುವ ಹಾರ್ಮೋನನ್ನು ಒಂದು ಬೆಳಗ್ಗೆ ಅಳೆದು ಪ್ರಯೋಜನವಿಲ್ಲ, ನಲವತ್ತೈದು ದಾಟಿದವರಲ್ಲಿ ಲಕ್ಷಣಗಳಿಂದಲೇ ತಿಳಿಯುತ್ತದೆಂದು ಹೇಳಿ, ಬದಲಾಗಿ ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆಗೆ ಬರೆದುಕೊಟ್ಟರು. ಥೈರಾಯ್ಡ್ ಗ್ರಂಥಿ ಮಂದವಾದರೂ ಇದೇ ಬಗೆಯ ನಿರುತ್ಸಾಹ ಕಾಣಿಸಿಕೊಳ್ಳುತ್ತದೆ; ಈ ವಯಸ್ಸಿನಲ್ಲಿ ಅತಿಯಾದ ಸ್ರಾವದಿಂದ ರಕ್ತಹೀನತೆಯೂ ಸಾಮಾನ್ಯ. ಹೆಂಡತಿಯ ಹಿಮೋಗ್ಲೋಬಿನ್ 12 ಇರಬೇಕಾದಲ್ಲಿ 9ರ ಸುಮಾರಿನಲ್ಲಿತ್ತು. ಕಬ್ಬಿಣದ ಮಾತ್ರೆ, ನಿತ್ಯ ನಡಿಗೆ, ತುಸು ಭಾರ ಎತ್ತುವ ವ್ಯಾಯಾಮ, ಯೋಚನೆಯ ಜಾಡನ್ನು ತಿದ್ದಲು ಕಲಿಸುವ ಆಪ್ತಸಮಾಲೋಚನೆ ಇವನ್ನು ಸೂಚಿಸಿದ ಮೇಲೆ ಹಾರ್ಮೋನ್ ಚಿಕಿತ್ಸೆಯ ಪ್ರಸ್ತಾಪ ಬಂದಾಗ, ಆತ 2002ರಲ್ಲಿ ಅಮೆರಿಕದ ದೊಡ್ಡ ಪ್ರಯೋಗವೊಂದನ್ನು ಸ್ತನ ಕ್ಯಾನ್ಸರಿನ ಭೀತಿಯಿಂದ ಅರ್ಧಕ್ಕೇ ನಿಲ್ಲಿಸಿದ್ದನ್ನು ನೆನಪಿಸಿದ. ಆ ಪ್ರಯೋಗದಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63 ಆಗಿತ್ತೆಂದೂ, ಅರವತ್ತರೊಳಗಿನ, ಬೇರೆ ಅಪಾಯಗಳಿಲ್ಲದ ಹೆಂಗಸರಲ್ಲಿ ಲೆಕ್ಕ ಬೇರೆಯೇ ಎಂದೂ, ಅದನ್ನು ತೂಗಿ ನೋಡಬೇಕಾದವರು ಅಲ್ಲಿ ಕುಳಿತಿರುವ ಮೇಡಂ ಎಂದೂ ವೈದ್ಯೆ ಹೇಳಿದರು. ಮೇಡಂ ಆಗ ಮೊದಲ ಬಾರಿಗೆ ಬಾಯಿ ತೆರೆಯಲು ಅವಕಾಶ ಪಡೆದರು.

ಹೊರಡುವ ಮುನ್ನ ಆತ ಕೇಳಿದ ಪ್ರಶ್ನೆ ಬ್ಯಾಂಕಿನವರಿಗಲ್ಲದೆ ಬೇರೆಯವರಿಗೆ ಹೊಳೆಯುವಂಥದ್ದಲ್ಲ: “ಡಾಕ್ಟ್ರೇ, ಇದರ ಮೆಚ್ಯೂರಿಟಿ ದಿನಾಂಕ ಅಂದಾಜು ಯಾವಾಗ?” ಸತತ ಹನ್ನೆರಡು ತಿಂಗಳು ಮುಟ್ಟಾಗದೆ ಕಳೆದ ಮೇಲೆ, ಹಿಂತಿರುಗಿ ನೋಡಿ, ಕೊನೆಯ ಮುಟ್ಟು ಯಾವುದೆಂದು ನಿರ್ಧರಿಸುವುದೇ ಪದ್ಧತಿಯೆಂದು ತಿಳಿದಾಗ, ಅವಧಿ ಮುಗಿದು ಒಂದು ವರ್ಷವಾದ ಮೇಲೆ ಗ್ರಾಹಕರಿಗೆ ತಿಳಿಸುವ ಈ ವ್ಯವಸ್ಥೆಯ ಬಗ್ಗೆ ಆತ ಮನೆ ತಲುಪುವವರೆಗೂ ಅಸಮಾಧಾನ ವ್ಯಕ್ತಪಡಿಸುತ್ತಲೇ ಇದ್ದ.

ಈಗ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಚುಕ್ಕೆಗಳಿಲ್ಲ. ಸಿಲಿಂಡರ್ ಬುಕ್ ಮಾಡಿದ ದಿನಾಂಕಗಳಿವೆ. ಹೆಂಡತಿ ರೇಗಿದರೆ ಆತ ಕಾರಣವೇನೆಂದು ಕೇಳುತ್ತಾನೆ, ಕೆಲವೊಮ್ಮೆ ಉತ್ತರವನ್ನೂ ಕೇಳಿಸಿಕೊಳ್ಳುತ್ತಾನೆ. ಆದರೆ ಹೊಸದಾಗಿ ಓದಿ ತಿಳಿದದ್ದನ್ನು ಪ್ರಯೋಗಿಸದೆ ಇರುವುದು ಈ ವರ್ಗದವರಿಗೆ ಸಾಧ್ಯವಿಲ್ಲವಾದ್ದರಿಂದ, ಅಪಾಯವಿರುವುದು ಮೌನದಲ್ಲಿ ಎಂಬ ತಿಳಿವಳಿಕೆಯನ್ನು ಆತ ಪೂರ್ಣಪ್ರಮಾಣದಲ್ಲಿ ಜಾರಿಗೆ ತಂದಿದ್ದಾನೆ. ಸಂಜೆಯ ಹೊತ್ತು ಹೆಂಡತಿ ಕಾದಂಬರಿ ಹಿಡಿದು ನೆಮ್ಮದಿಯಿಂದ ಕುಳಿತಿದ್ದರೆ ಹತ್ತು ನಿಮಿಷಕ್ಕೊಮ್ಮೆ ಬಂದು, “ಯಾಕೆ ಸುಮ್ಮನಿದ್ದೀಯ?” ಎಂದು ವಿಚಾರಿಸುತ್ತಾನೆ, ತೀರ ತೆಳ್ಳಗಿನ ಡಿಕಾಕ್ಷನ್ನಿನಲ್ಲಿ ಕಾಫಿ ಮಾಡಿ ತಂದು ಕೊಡುತ್ತಾನೆ, ಕುಡಿದು ಮುಗಿಸುವವರೆಗೆ ಎದುರಿಗೇ ನಿಂತು ಮುಖ ನೋಡುತ್ತಾನೆ. ಆದಕಾರಣ ಓದನ್ನು ಮುಂದುವರಿಸಬೇಕಾದರೆ ಆಕೆ ಅಧ್ಯಾಯಕ್ಕೊಮ್ಮೆ ಎದ್ದು, ಅಡುಗೆಮನೆಗೆ ಹೋಗಿ, ಆತನಿಗೆ ಕೇಳಿಸುವಂತೆ ಒಂದೆರಡು ಪಾತ್ರೆ ಕುಕ್ಕಿ ಬರಬೇಕಾಗಿದೆ.