ಸುಳಿ ನೋಡಿ ಪ್ಲೇಟು

ನಮ್ಮ ತಾತ ಎತ್ತು ಕೊಳ್ಳಲು ದನದ ಜಾತ್ರೆಗೆ ಹೊರಟರೆ ನಾನೂ ಬಾಲ ಹಿಡಿದು ಹೋಗುತ್ತಿದ್ದೆ. ತಾತ ಮೊದಲು ಎತ್ತಿನ ತುಟಿ ಬಿಡಿಸಿ ಹಲ್ಲು ನೋಡುತ್ತಿದ್ದರು: ಎರಡೋ, ನಾಲ್ಕೋ, ಬಾಯಿಗೂಡಿದ್ದೋ. ಆಮೇಲೆ ಸುತ್ತ ಬಂದು ಸುಳಿ ಹುಡುಕುತ್ತಿದ್ದರು. ಇರಬಾರದ ಜಾಗದಲ್ಲಿ ಒಂದು ಸುಳಿ ಕಂಡರೆ ಸಾಕ್ಷಾತ್ ನಂದಿಯೇ ಆದರೂ ಬೇಡ. ಎಲ್ಲ ಸರಿಯಿದ್ದರೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ರೇಟು.

ಕಳೆದ ಭಾನುವಾರ ನಮ್ಮ ಊಟದ ಮೇಜಿನ ಮೇಲೆ ಅದೇ ಪರೀಕ್ಷೆ ನಡೆಯಿತು. ಎತ್ತಿನ ಜಾಗದಲ್ಲಿ ಒಂದು ಕಪ್ಪು ಪ್ಲೇಟು, ತಾತನ ಜಾಗದಲ್ಲಿ ನನ್ನೊಬ್ಬ ಗೆಳೆಯ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಹಿ ತಾಳೆ ನೋಡಿದವನು. ನಿವೃತ್ತಿಯಾದ ಮೇಲೆ ಕಣ್ಣಿಗೆ ಕೆಲಸವಿಲ್ಲದೆ ಹಳೆಯ ರಾಕ್ ಸಂಗೀತದ ಎಲ್‌ಪಿಗಳ ಬೆನ್ನು ಹತ್ತಿದ್ದಾನೆ. ಪ್ಲೇಟು ನನ್ನ ಸೋದರಮಾವನದು. 1973ರಲ್ಲಿ ಲಂಡನ್ನಿನಲ್ಲಿ ಓದುತ್ತಿದ್ದಾಗ ಕೊಂಡ ಪಿಂಕ್ ಫ್ಲಾಯ್ಡ್‌ನ ‘ದ ಡಾರ್ಕ್ ಸೈಡ್ ಆಫ್ ದ ಮೂನ್’. ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದಿಂದ ಇಳಿದು ಬಂದಿತ್ತು.

ನಾನು ಕವಚದ ಮೇಲಿನ ಪ್ರಿಸಮ್ಮನ್ನು ತೋರಿಸಲು ಹೋದೆ. ಗೆಳೆಯ ಕೈ ಅಡ್ಡ ಹಿಡಿದ. “ಕವಚ ಎಲ್ಲರಿಗೂ ಒಂದೇ ಕಣಯ್ಯ. ಹಲ್ಲು ತೋರಿಸು.”

ಹಲ್ಲು ಅಂದರೆ ನಡುವಿನ ಲೇಬಲ್ಲು. ಇಎಂಐ ಕಂಪನಿಯ ಹಾರ್ವೆಸ್ಟ್ ಹೆಸರಿನ ಕಪ್ಪು ಲೇಬಲ್ಲಿನ ಮೇಲೆ ಒಂದು ತ್ರಿಕೋನ. ಅದರ ತುಂಬ ತಿಳಿನೀಲಿ ಬಣ್ಣವಿದ್ದರೆ ಇಂಗ್ಲೆಂಡಿನ ಚೊಚ್ಚಲ ಪ್ರೆಸ್ಸಿಂಗ್. ಬರೀ ಗೆರೆಯ ತ್ರಿಕೋನವಾದರೆ ಆಮೇಲೆ ಹುಟ್ಟಿದ್ದು. ಹಾಡು ಅವೇ, ಹಾಡಿದವರೂ ಅವರೇ. ಆದರೆ ಬಣ್ಣ ತುಂಬಿದ ತ್ರಿಕೋನಕ್ಕೂ ಬೋಳು ತ್ರಿಕೋನಕ್ಕೂ ಬೆಲೆಯಲ್ಲಿ ಆನೆಗೂ ಆಡಿಗೂ ಇರುವಷ್ಟು ಅಂತರ. ಲೆಡ್ ಝೆಪ್ಪೆಲಿನ್ ತಂಡದ 1969ರ ಮೊದಲ ಆಲ್ಬಮ್ಮಿನದೂ ಇದೇ ಕಥೆ. ಇಂಗ್ಲೆಂಡಿನಲ್ಲಿ ಮೊದಲು ಬಂದ ಕವಚಗಳಲ್ಲಿ ತಂಡದ ಹೆಸರು ವೈಡೂರ್ಯದ ನೀಲಿ, ಆಮೇಲಿನವುಗಳಲ್ಲಿ ಕಿತ್ತಳೆ. ಸೀರೆಯ ಅಂಚಿನ ಬಣ್ಣಕ್ಕೆ ಗಂಟೆಗಟ್ಟಲೆ ತಕರಾರು ಮಾಡುತ್ತಾಳೆಂದು ಹೆಂಡತಿಯನ್ನು ಆಡಿಕೊಳ್ಳುವ ಗಂಡಸರು ಈ ನೀಲಿಯನ್ನು ಕಿಟಕಿ ಬೆಳಕಿಗೆ ಹಿಡಿದು ಹಿಡಿದು ನೋಡುವುದುಂಟು.

ನಮ್ಮ ತ್ರಿಕೋನದಲ್ಲಿ ನೀಲಿ ತುಂಬಿತ್ತು. ಗೆಳೆಯನ ಉಸಿರು ಸ್ವಲ್ಪ ಬಿಸಿಯಾಯಿತು. “ಇನ್ನು ಸುಳಿ” ಎಂದು ಟಾರ್ಚು, ಭೂತಗನ್ನಡಿ ತೆಗೆದ.

ಹಾಡಿನ ಗೆರೆಗಳು ಮುಗಿದು ಲೇಬಲ್ಲು ಶುರುವಾಗುವ ನಡುವೆ ಒಂದು ಬೋಳು ಪಟ್ಟಿ ಇರುತ್ತದೆ. ಅಲ್ಲಿ ಸಂಗೀತವಿಲ್ಲ, ಮುಳ್ಳಿಗೆ ಅದು ಬರೀ ದಾರಿ. ಸಂಗ್ರಾಹಕನ ಕಣ್ಣಿರುವುದೆಲ್ಲ ಅಲ್ಲೇ. ಇಎಂಐ ಕಾರ್ಖಾನೆಯ ಪ್ಲೇಟನ್ನು ಗಡಿಯಾರದಂತೆ ಹಿಡಿದರೆ ಆರು ಗಂಟೆಯ ಜಾಗದಲ್ಲಿ ಯಾವ ಬದಿ, ಎಷ್ಟನೆಯ ಕೊರೆತ ಎಂದು ಹೇಳುವ ಮ್ಯಾಟ್ರಿಕ್ಸ್ ಸಂಖ್ಯೆ, ಒಂಬತ್ತರಲ್ಲಿ ‘ಮದರ್’ ಎಷ್ಟನೆಯದು ಎಂಬುದು, ಮೂರರಲ್ಲಿ ‘ಸ್ಟ್ಯಾಂಪರ್’ ಗುರುತು. ಮೊದಲು ಲ್ಯಾಕರ್ ಬಳಿದ ತಟ್ಟೆಯಲ್ಲಿ ಹಾಡನ್ನು ಕೊರೆಯುತ್ತಾರೆ. ಅದಕ್ಕೆ ಲೋಹದ ಲೇಪ ಹಿಡಿಸಿ ಎಬ್ಬಿಸಿದ ಅಚ್ಚು ‘ಫಾದರ್’. ಫಾದರ್‌ನಿಂದ ‘ಮದರ್’, ಮದರ್‌ನಿಂದ ಸ್ಟ್ಯಾಂಪರ್. ಅದು ಬಿಸಿ ವಿನೈಲನ್ನು ಒತ್ತಿ ಒತ್ತಿ ಪ್ಲೇಟು ಮಾಡುತ್ತದೆ. ಅಂದರೆ ಅಪ್ಪ ಅಮ್ಮನನ್ನು ಹಡೆಯುತ್ತಾನೆ, ಅಮ್ಮ ಮಕ್ಕಳನ್ನು. ಈ ವಂಶವೃಕ್ಷ ನಮ್ಮ ಪುರೋಹಿತರ ಮುಂದಿಟ್ಟರೆ ಪ್ರವರ ಹೇಳುವುದನ್ನೇ ಬಿಟ್ಟಾರು.

ಸ್ಟ್ಯಾಂಪರ್ ಸಂಖ್ಯೆಯನ್ನು ಇಎಂಐನವರು ಅಂಕಿಯಲ್ಲಿ ಬರೆಯುತ್ತಿರಲಿಲ್ಲ. ‘ಗ್ರಾಮಫೋನ್ ಕಂಪನಿ ಲಿಮಿಟೆಡ್’ ಎಂಬ ತಮ್ಮ ಹಳೆಯ ಹೆಸರಿನಿಂದ ಜಿ, ಆರ್, ಎ, ಎಂ, ಓ, ಪಿ, ಎಚ್, ಎಲ್, ಟಿ, ಡಿ ಎಂಬ ಹತ್ತು ಅಕ್ಷರ ಹೆಕ್ಕಿಕೊಂಡು, ಜಿ ಅಂದರೆ 1, ಆರ್ ಅಂದರೆ 2, ಕೊನೆಯ ಡಿ ಅಂದರೆ ಸೊನ್ನೆ ಎಂದು ಕಟ್ಟು ಮಾಡಿಕೊಂಡಿದ್ದರು. ನಮ್ಮ ಜವಳಿ ಅಂಗಡಿಯವರು ಅಸಲು ಬೆಲೆಯನ್ನು ಗಿರಾಕಿಗೆ ತಿಳಿಯದಂತೆ ಅಕ್ಷರದಲ್ಲಿ ಚೀಟಿ ಮೇಲೆ ಬರೆದಿಡುತ್ತಿದ್ದ ಉಪಾಯವೇ ಇದು.

ಆರು ಗಂಟೆಯ ಜಾಗ ನೋಡಿ “ಎ-ಎರಡು!” ಎಂದ ಗೆಳೆಯ. ಮಗುಚಿ ಹಾಕಿ, “ಬಿ-ಎರಡು!” ಮೂರು ಗಂಟೆಯ ಜಾಗದಲ್ಲಿ ‘ಜಿಎ’. ಅಂದರೆ ಹದಿಮೂರನೆಯ ಸ್ಟ್ಯಾಂಪರ್. ನನ್ನ ಹೆಂಡತಿ ಕಾಫಿ ತಂದಿಟ್ಟು, ಯಾರ ಜಾತಕ ಕೂಡಿ ಬಂತು ಎಂದು ಕೇಳಿ ಹೋದಳು.

ಈ ಬೋಳು ಪಟ್ಟಿಯಲ್ಲಿ ಎರಡೇ ಅಕ್ಷರದಿಂದ ಚಿನ್ನವಾದ ಪ್ಲೇಟುಗಳೂ ಇವೆ. ‘ಲೆಡ್ ಝೆಪ್ಪೆಲಿನ್ 2’ ಆಲ್ಬಮ್ಮನ್ನು ಅಮೆರಿಕದಲ್ಲಿ ಮೊದಲು ಕೊರೆದವನು ಬಾಬ್ ಉರುಫ್ ರಾಬರ್ಟ್ ಲಡ್ವಿಗ್. ‘ಆರ್‌ಎಲ್’ ಎಂದು ತನ್ನ ಇನಿಷಿಯಲ್ ಗೀಚಿದ. ಹಾಡನ್ನು ಎಷ್ಟು ಜೋರಾಗಿ ಕೊರೆದನೆಂದರೆ ಸಾಧಾರಣ ಪ್ಲೇಯರ್‌ಗಳಲ್ಲಿ ಮುಳ್ಳು ಹಾರತೊಡಗಿತು. ಅಟ್ಲಾಂಟಿಕ್ ಕಂಪನಿಯ ಯಜಮಾನರೊಬ್ಬರ ಮನೆಯ ಹುಡುಗಿಯ ಪ್ಲೇಯರ್‌ನಲ್ಲೇ ಹಾರಿತೆಂದೂ ಅದಕ್ಕೇ ಹೊಸದಾಗಿ ಮೆತ್ತಗೆ ಕೊರೆಸಿದರೆಂದೂ ಕಥೆ. ಆ ಹುಡುಗಿಗೆ ಹೊಸ ಪ್ಲೇಯರ್ ಕೊಡಿಸಿದ್ದರೆ ಕಡಿಮೆಯಲ್ಲಿ ಮುಗಿಯುತ್ತಿತ್ತು. ಆದರೆ ಆಗ ‘ಆರ್‌ಎಲ್’ ಪ್ಲೇಟಿಗೆ ಈ ಬೆಲೆ ಬರುತ್ತಿರಲಿಲ್ಲ.

ನನಗೆ ಬಲು ಇಷ್ಟವಾದದ್ದು ಬೀಟಲ್ಸ್‌ನ ಕಟುಕರ ಕವಚ. 1966ರಲ್ಲಿ ಅಮೆರಿಕದ ಕ್ಯಾಪಿಟಲ್ ಕಂಪನಿ ತಂದ ‘ಯೆಸ್ಟರ್‌ಡೇ ಆ್ಯಂಡ್ ಟುಡೇ’ ಕವಚದಲ್ಲಿ ನಾಲ್ವರೂ ಬಿಳಿ ಕೋಟು ತೊಟ್ಟು, ಮಾಂಸದ ತುಂಡು, ಮುರಿದ ಗೊಂಬೆಗಳ ನಡುವೆ ನಗುತ್ತ ಕೂತಿದ್ದರು. ಗಲಾಟೆಯಾಯಿತು. ಕಂಪನಿ ಮಾಲು ವಾಪಸು ತರಿಸಿತು. ದಂಡ ಮಾಡಲು ಮನಸ್ಸು ಬಾರದೆ ಎಷ್ಟೋ ಕವಚಗಳ ಮೇಲೆ ಬೇರೆ ಚಿತ್ರ ಅಂಟಿಸಿ ಮತ್ತೆ ಮಾರಿತು. ಲಗ್ನಪತ್ರಿಕೆಯಲ್ಲಿ ಛತ್ರದ ಹೆಸರು ತಪ್ಪಾದರೆ ನಾವು ಚೀಟಿ ಅಂಟಿಸುವುದಿಲ್ಲವೆ, ಹಾಗೆ. ಹೊಸ ಚಿತ್ರದ ಬಲಭಾಗದ ಬಿಳುಪಿನಲ್ಲಿ ಅಡಿಯಿಂದ ಒಂದು ಕರೀ ತ್ರಿಕೋನ ಇಣುಕಿದರೆ ಅದು ರಿಂಗೊ ಸ್ಟಾರ್‌ನ ಸ್ವೆಟರು; ಕೆಳಗೆ ಕಟುಕರಿದ್ದಾರೆಂದು ಗುರುತು. ಜನ ಹಬೆ ಹಿಡಿದು ಮೇಲಿನದನ್ನು ಸುಲಿದರು. ಈಗ ನೋಡಿದರೆ, ಅಂಟಿಸದೇ ಉಳಿದದ್ದಕ್ಕೆ ಎಲ್ಲಕ್ಕಿಂತ ಹೆಚ್ಚು ಮರ್ಯಾದೆ, ಅಂಟಿಸಿದ್ದು ಹಾಗೇ ಇದ್ದರೆ ಅದಕ್ಕೊಂದು, ಸುಲಿದದ್ದಕ್ಕೆ ಇನ್ನೊಂದು. ಕುತೂಹಲ ತಡೆಯದವನಿಗೆ ಕೈಸುಟ್ಟದ್ದೇ ಲಾಭ.

ನಮ್ಮ ಮೇಜಿನ ಮೇಲೆ ಈಗ ಗೆಳೆಯನ ಪಾಟೀಸವಾಲು ಶುರುವಾಗಿತ್ತು. “ಇದರ ಜೊತೆ ಎರಡು ಪೋಸ್ಟರು, ಎರಡು ಸ್ಟಿಕ್ಕರು ಇರಬೇಕಲ್ಲ?” ಇದ್ದವು. ಪಿರಮಿಡ್ಡಿನ ಪೋಸ್ಟರನ್ನು ಅಮ್ಮ ನನ್ನ ಏಳನೆಯ ಕ್ಲಾಸಿನ ಸಮಾಜ ಪುಸ್ತಕಕ್ಕೆ ಬೈಂಡು ಹಾಕಿದ್ದಳು. ವಿಷಯಕ್ಕೆ ತಕ್ಕ ಬೈಂಡೆಂದು ಮೇಷ್ಟ್ರು ಮೆಚ್ಚಿದ್ದರು. ತಂಡದವರ ಫೋಟೋ ಇದ್ದದ್ದು ಅಕ್ಕಿ ಡಬ್ಬದ ತಳ ಸೇರಿತು. ಒಂದು ಸ್ಟಿಕ್ಕರು ಇಂದಿಗೂ ಕಬ್ಬಿಣದ ಟ್ರಂಕಿನ ಮೇಲೆ ಅರ್ಧ ಕೆರೆದು ಉಳಿದಿದೆ. ಗೆಳೆಯ ಕಣ್ಣು ಮುಚ್ಚಿಕೊಂಡ. ತೆರೆದಾಗ ಕಂಡದ್ದು ಇನ್ನೂ ದೊಡ್ಡದು: ನೀಲಿ ತ್ರಿಕೋನದ ಪಕ್ಕದಲ್ಲೇ, ಬಾಲ್ ಪೆನ್ನಿನಲ್ಲಿ ಒತ್ತಿ ಬರೆದ ಮಾವನ ಪೂರ್ತಿ ಹೆಸರು, ಊರು, ತಾಲ್ಲೂಕು ಸಮೇತ.

“ಹೋಯ್ತು. ಇದು ಕೆಟ್ಟ ಸುಳಿ” ಎಂದ. “ಇಲ್ಲದಿದ್ದರೆ ಜೋಡಿ ಎತ್ತಿನ ಬೆಲೆ ಬರ್ತಿತ್ತು.”

ಅವನು ಹೋದ ಮೇಲೆ ತಾತ ನೆನಪಾದರು. ಹಲ್ಲು, ಸುಳಿ ಎಲ್ಲ ನೋಡಿಯಾದ ಮೇಲೂ ಗಾಡಿಗೆ ಹೂಡಿ ನಾಲ್ಕು ಹೆಜ್ಜೆ ನಡೆಸದೆ ಅವರು ದುಡ್ಡು ಬಿಚ್ಚುತ್ತಿರಲಿಲ್ಲ. ಪ್ಲೇಟು ಹಾಕಿದೆ. ಎದೆಬಡಿತದಂಥ ಆರಂಭದ ಸದ್ದಿನ ಜೊತೆ ಅಕ್ಕಿ ಹುರಿದಂತೆ ಚಿಟಪಟ. ಕುಂಟುತ್ತಲೇ ಆದರೂ ಪೂರ್ತಿ ನಡೆಯಿತು.

ಮೈಸೂರಿಗೆ ಫೋನು ಹಚ್ಚಿದೆ. ಮಾವನಿಗೀಗ ಎಂಬತ್ತು ದಾಟಿದೆ.

“ಮಾವ, ಲೇಬಲ್ ಮೇಲೆ ನೀವು ಹೆಸರು ಬರೆಯದೆ ಇದ್ದಿದ್ದರೆ ಒಳ್ಳೇ ರೇಟಿಗೆ ಹೋಗ್ತಿತ್ತಂತೆ.”

“ಬರೆಯದೆ ಇದ್ದಿದ್ದರೆ ಆ ಹಾಸ್ಟೆಲಿನಲ್ಲೇ ಯಾವನೋ ಎತ್ತಿಕೊಂಡು ಹೋಗ್ತಿದ್ದ ಕಣೋ. ಆಮೇಲೆ ಅದರ ಸುಳಿ ಅವನ ಮನೇಲಿ ನೋಡ್ತಿದ್ದರು” ಎಂದರು ಮಾವ.